ಅಪ್ಪನ ಲೆಕ್ಕದ ಪುಸ್ತಕ

ಕಳೆದ ತಿಂಗಳು ರಾಜಾಜಿನಗರದಿಂದ ಒಂದು ಫೋನ್ ಬಂತು. ನಮ್ಮ ಹಳೇ ಮನೆ ಕೊಂಡವರು. "ಮೇಡಂ, ನಿಮ್ಮ ತಂದೆಯವರ ಹೆಸರಿಗೆ ಒಂದು ಕಾಗದ ಬಂದಿದೆ, ಏನೋ ಷೇರಿನದು ಅನ್ಸುತ್ತೆ. ಎಸೆಯೋಕೆ ಮನಸ್ಸಾಗಲಿಲ್ಲ" ಅಂದರು. ಅಪ್ಪ ತೀರಿಕೊಂಡು ಏಳು ವರ್ಷ ದಾಟಿತು. ಮನೆ ಮಾರಿಯೇ ಆರು ವರ್ಷ. ಮಾರನೇ ದಿನ ಪೀಣ್ಯದಿಂದ ಮನೆಗೆ ಬರುವಾಗ ಅವರ ಮನೆ ಹೊಕ್ಕು, ಕಾಫಿ ಕುಡಿದು, ಕಾಗದ ತಂದೆ.

ಕಂಪನಿಯೊಂದರ ನೋಟಿಸ್ ಅದು. ಸತತ ಏಳು ವರ್ಷದಿಂದ ನಿಮ್ಮ ಷೇರುಗಳ ಡಿವಿಡೆಂಡ್, ಅಂದರೆ ಲಾಭದಲ್ಲಿ ಷೇರುದಾರರಿಗೆ ಹಂಚುವ ಪಾಲು, ಯಾರೂ ಪಡೆದಿಲ್ಲ. ಇಂಥ ದಿನದೊಳಗೆ ಕೇಳದಿದ್ದರೆ ಆ ಹಣವನ್ನೂ ಷೇರುಗಳನ್ನೂ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ವರ್ಗಾಯಿಸುತ್ತೇವೆ, ಅಂತ. ಕಾನೂನೇ ಹಾಗಿದೆ. ಅಲ್ಲಿಗೆ ಹೋದ ಮೇಲೂ ಅರ್ಜಿ ಹಾಕಿ ವಾಪಸ್ ಪಡೆಯಬಹುದು, ಆದರೆ ಓಡಾಟ ಜಾಸ್ತಿ.

ಅವತ್ತು ರಾತ್ರಿ ಅಮ್ಮನ ಬೀರು ತೆಗೆದು ಕೂತೆವು. ರೇಷ್ಮೆ ಸೀರೆಗಳ ಕೆಳಗೆ ಒಂದು ಪ್ಲಾಸ್ಟಿಕ್ ಕವರ್. ಅದರಲ್ಲಿ ಷೇರು ಸರ್ಟಿಫಿಕೇಟುಗಳು, ಜೊತೆಗೆ ಅಪ್ಪನ ಲೆಕ್ಕದ ಪುಸ್ತಕ. ನೀಲಿ ಇಂಕು, ಉದ್ದ ಪಟ್ಟಿ, ಎಡಕ್ಕೆ ಬಡ್ಡಿ, ಬಲಕ್ಕೆ ಡಿವಿಡೆಂಡ್. 1999ರಿಂದ 2017ರವರೆಗೆ ಒಂದು ವರ್ಷವೂ ಬಿಟ್ಟಿಲ್ಲ.

ಈ ಡಿಸೆಂಬರ್‌ಗೆ ನನಗೆ 60 ತುಂಬುತ್ತದೆ. ನನ್ನ ಕೈಗೂ ಪಿಎಫ್, ಗ್ರಾಚ್ಯುಟಿ ಬರುವ ಹೊತ್ತು. ಹಾಗಾಗಿ ಆ ಪುಸ್ತಕವನ್ನು ಸುಮ್ನೆ ತಿರುವಿ ಹಾಕಿ ಒಳಗಿಡಲು ಆಗಲಿಲ್ಲ. ಮೂರು ರಾತ್ರಿ ಓದಿದೆ.

ಅಪ್ಪ ಜಾಲಹಳ್ಳಿ ಕಡೆಯ ಸರ್ಕಾರಿ ಕಾರ್ಖಾನೆಯಲ್ಲಿದ್ದರು. ಬೆಂಗಳೂರಿನಲ್ಲಿ ಅಂಥ ಸಾವಿರಾರು ಮನೆಗಳಿವೆ. ಹೊರಗಿನವರಿಗೆ "ಸರ್ಕಾರಿ ಕೆಲಸ" ಅನಿಸಿದರೂ ಸರ್ಕಾರಿ ನೌಕರರ ಪಿಂಚಣಿ ಅಲ್ಲಿರಲಿಲ್ಲ. ಇದ್ದದ್ದು ಪಿಎಫ್ ಜೊತೆ ಬರುವ ಇಪಿಎಸ್ ಪಿಂಚಣಿ. ಕೆಲವು ನೂರು ರೂಪಾಯಿ, ಅದಕ್ಕೆ ತುಟ್ಟಿಭತ್ಯೆಯೂ ಇಲ್ಲ. 1999ರಲ್ಲಿ, 58ನೇ ವಯಸ್ಸಿಗೆ ನಿವೃತ್ತರಾದಾಗ ಕೈಗೆ ಬಂದದ್ದು ಆರು ಲಕ್ಷ. ಅಷ್ಟನ್ನೂ ಐದು ವರ್ಷದ ಠೇವಣಿಗೆ ಹಾಕಿದರು. ಆಗ ಬಡ್ಡಿ ಶೇ. 11. ತಿಂಗಳಿಗೆ ಸುಮಾರು 5,500 ರೂಪಾಯಿ. ಆ ಕಾಲಕ್ಕೆ ಅದು ಗೌರವದಿಂದ ಬದುಕುವಷ್ಟು ದುಡ್ಡು.

2004ರಲ್ಲಿ ಠೇವಣಿ ಮುಗಿಯಿತು. ಬ್ಯಾಂಕಿಗೆ ಹೋದರೆ ಬಡ್ಡಿ ಶೇ. 5.5. ಅದೇ ಆರು ಲಕ್ಷ, ಈಗ ತಿಂಗಳಿಗೆ 2,750. ಒಂದು ಸಹಿಗೆ ಆದಾಯ ಅರ್ಧ. ಪುಸ್ತಕದ ಆ ಸಾಲಿನ ಪಕ್ಕದಲ್ಲಿ ಅಪ್ಪ ಏನೂ ಬರೆದಿಲ್ಲ. ಆದರೆ ಆ ವರ್ಷ ಅವರು ಯಶವಂತಪುರದ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿದ್ದು ನನಗೆ ನೆನಪಿದೆ. ಮನೆಯಲ್ಲಿ ಕೂತರೆ ಬೇಜಾರು ಅಂತ ಹೇಳಿದ್ದರು. ನಾನೂ ನಂಬಿದ್ದೆ. ನಾನೇ ಅಕೌಂಟ್ಸ್ ಕೆಲಸದವಳು, ಕೂತು ಒಂದು ಭಾಗಾಕಾರ ಮಾಡಿದ್ದರೆ ಗೊತ್ತಾಗುತ್ತಿತ್ತು. ಮಾಡಲಿಲ್ಲ.

ಅದೇ ವರ್ಷ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಹಿರಿಯ ನಾಗರಿಕರ ಉಳಿತಾಯ ಯೋಜನೆ ತಂದಿತು. ಬಡ್ಡಿ ಶೇ. 9. ಅಪ್ಪ ಠೇವಣಿ ಮುರಿಸಿ ಆರು ಲಕ್ಷವನ್ನೂ ಅಲ್ಲಿಟ್ಟರು. ಮೂರು ತಿಂಗಳಿಗೊಮ್ಮೆ 13,500. ಸ್ವಲ್ಪ ಉಸಿರಾಡುವಂತಾಯಿತು. ಆದರೆ ಪುಸ್ತಕದ ಎಡಗಡೆ ನೋಡಿದರೆ ಮುಂದಿನ ಎಂಟು ವರ್ಷ ಅದೇ 13,500, 13,500, 13,500. ಅಕ್ಕಿ, ಔಷಧಿ, ಕರೆಂಟ್ ಬಿಲ್ ಮಾತ್ರ ಅಲ್ಲೇ ನಿಂತಿರಲಿಲ್ಲ.

ನಾವು "ಫಿಕ್ಸೆಡ್" ಅನ್ನುವ ಪದವನ್ನು ನಂಬಿಕೊಂಡು ಬಂದಿದ್ದೇವೆ. ಅದರಲ್ಲಿ ಎರಡು ತೂತು ಇವೆ. ಬಡ್ಡಿ ದರ ಠೇವಣಿಯ ಅವಧಿಗೆ ಮಾತ್ರ ಫಿಕ್ಸೆಡ್. ಮುಗಿದ ದಿನ ಮಾರುಕಟ್ಟೆಯಲ್ಲಿ ಏನಿದೆಯೋ ಅದೇ ಗತಿ. ಇನ್ನೊಂದು, ರೂಪಾಯಿ ಫಿಕ್ಸೆಡ್, ಅದರಿಂದ ಕೊಳ್ಳುವ ಸಾಮಾನು ಅಲ್ಲ. ಬೆಲೆ ವರ್ಷಕ್ಕೆ ಶೇ. 6ರಂತೆ ಏರಿದರೆ 12 ವರ್ಷದಲ್ಲಿ ಖರ್ಚು ಎರಡರಷ್ಟಾಗುತ್ತದೆ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಒಂದೇ ಏಟಿಗೆ ಲೀಟರಿಗೆ 4 ರೂಪಾಯಿ ಏರಿತಲ್ವಾ. ಅಮ್ಮನಿಗೆ ಈಗ 80. ನಾನೂ ಅಷ್ಟು ವರ್ಷ ಬದುಕಿದರೆ 20 ವರ್ಷ ಸಂಬಳವಿಲ್ಲದ ಬದುಕು.

ಇನ್ನು ಪುಸ್ತಕದ ಬಲಗಡೆ.

1970ರ ದಶಕದ ಕೊನೆಯಲ್ಲಿ, ವಿದೇಶಿ ವಿನಿಮಯ ನಿಯಂತ್ರಿಸುವ ಫೆರಾ ಕಾಯ್ದೆಯಿಂದಾಗಿ ಹಲವು ವಿದೇಶಿ ಕಂಪನಿಗಳು ತಮ್ಮ ಪಾಲನ್ನು ಶೇ. 40ಕ್ಕೆ ಇಳಿಸಿ, ಉಳಿದ ಷೇರುಗಳನ್ನು ಇಲ್ಲಿನ ಜನರಿಗೆ ಮಾರಬೇಕಾಯಿತು. ನನ್ನ ಸೋದರಮಾವ ಅಪ್ಪನ ಹಿಂದೆ ಬಿದ್ದು ಅಂಥ ಒಂದು ಕಂಪನಿಯ 50 ಷೇರು ಕೊಡಿಸಿದರು. ದಿನಬಳಕೆಯ ಸಾಮಾನು ಮಾಡುವ ಕಂಪನಿ. ಕಂಪನಿ ಪುಕ್ಕಟೆಯಾಗಿ ಕೊಡುವ ಬೋನಸ್ ಷೇರುಗಳು ಬಂದು ಬಂದು ಅದು ಬೆಳೆಯಿತು. ಬಲಗಡೆಯ ಪಟ್ಟಿಯಲ್ಲಿ 1999ಕ್ಕೆ 2,400 ರೂಪಾಯಿ. 2009ಕ್ಕೆ 6,800. 2017ಕ್ಕೆ 14,000 ದಾಟಿದೆ. ಅಪ್ಪ ಒಂದು ರೂಪಾಯಿಯನ್ನೂ ಹೊಸದಾಗಿ ಹಾಕಿರಲಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ಸುಳ್ಳು ಹೇಳಿದಂತಾಗುತ್ತದೆ. ಅದೇ ಕವರಿನಲ್ಲಿ ಇನ್ನೂ ಮೂರು ಕಂಪನಿಗಳ ಸರ್ಟಿಫಿಕೇಟುಗಳಿದ್ದವು. 1994-95ರ ಹೊಸ ಷೇರುಗಳ ಭರಾಟೆಯಲ್ಲಿ ಕೊಂಡವು. ಎರಡು ಕಂಪನಿಗಳ ವಿಳಾಸವೇ ಈಗ ಇಲ್ಲ. ಮೂರನೆಯದು ಒಮ್ಮೆಯೂ ಡಿವಿಡೆಂಡ್ ಕೊಟ್ಟಿಲ್ಲ. ಷೇರು ಅಂದರೆ ಬೆಳೆಯುತ್ತದೆ ಅಂತ ಈ ಪುಸ್ತಕ ಹೇಳುವುದಿಲ್ಲ. ನಾಲ್ಕರಲ್ಲಿ ಒಂದು ಬೆಳೆಯಿತು ಅಂತ ಹೇಳುತ್ತದೆ. ಆ ಒಂದನ್ನು ಮೊದಲೇ ಗುರುತಿಸಲು ಆಗುತ್ತಾ ಅನ್ನುವುದೇ ಪ್ರಶ್ನೆ.

ಡಿವಿಡೆಂಡ್ ಷೇರು ಅಂದ ಕೂಡಲೇ ಎಲ್ಲರೂ ನೋಡುವುದು ಯೀಲ್ಡ್. ಷೇರಿನ ಬೆಲೆ 100 ರೂಪಾಯಿ, ವರ್ಷಕ್ಕೆ 8 ರೂಪಾಯಿ ಡಿವಿಡೆಂಡ್, ಅಂದರೆ ಯೀಲ್ಡ್ ಶೇ. 8. ಎಫ್‌ಡಿಗಿಂತ ಮೇಲಾಯಿತಲ್ಲ ಅನಿಸುತ್ತದೆ. ಆದರೆ ಆ 8 ರೂಪಾಯಿ ಕಳೆದ ವರ್ಷದ್ದು. ಬೆಲೆ ಇವತ್ತಿನದು. ಕಂಪನಿಗೆ ಕಷ್ಟ ಬರುತ್ತಿದೆ ಅಂತ ಮಾರುಕಟ್ಟೆಗೆ ವಾಸನೆ ಸಿಕ್ಕಿ, 200ರ ಷೇರು 100ಕ್ಕೆ ಬಿದ್ದಿದ್ದರೂ ಯೀಲ್ಡ್ ತಾನಾಗಿಯೇ ಎರಡರಷ್ಟಾಗಿ ಕಾಣುತ್ತದೆ. ಹೆಚ್ಚಿನ ಯೀಲ್ಡ್ ಕಂಡಾಗ ನಾನು ಮೊದಲು ಕೇಳಿಕೊಳ್ಳುವುದು ಒಂದೇ: ಡಿವಿಡೆಂಡ್ ಏರಿದ್ದಾ, ಬೆಲೆ ಇಳಿದದ್ದಾ?

ಸರ್ಕಾರಿ ಕಲ್ಲಿದ್ದಲು ಕಂಪನಿ ಕೋಲ್ ಇಂಡಿಯಾವನ್ನೇ ನೋಡಿ. 2010ರಲ್ಲಿ ಷೇರಿಗೆ 245 ರೂಪಾಯಿಯಂತೆ ಜನರಿಗೆ ಮಾರಿದರು. 2014ರ ಜನವರಿಯಲ್ಲಿ ಷೇರಿಗೆ 29 ರೂಪಾಯಿ ಮಧ್ಯಂತರ ಡಿವಿಡೆಂಡ್ ಕೊಟ್ಟಿತು. ಯಾವ ಬ್ಯಾಂಕ್ ಕೊಡುತ್ತದೆ ಅಷ್ಟು? ಆದರೆ 2020ರಲ್ಲಿ ಅದೇ ಷೇರು ಕೊಂಡ ಬೆಲೆಯ ಅರ್ಧಕ್ಕೂ ಕೆಳಗೆ ಬಂತು. ಮತ್ತೆ ಎದ್ದು 2024ರಲ್ಲಿ 500 ದಾಟಿತು. ಹತ್ತು ವರ್ಷ ಮುಟ್ಟದೆ ಕಾಯುವವರಿಗೆ ಇದು ಒಳ್ಳೆಯ ಕಥೆ. 2020ರಲ್ಲಿ ಆಸ್ಪತ್ರೆ ಬಿಲ್ ಕಟ್ಟಲು ಮಾರಲೇಬೇಕಾಗಿದ್ದವರಿಗೆ ಅಲ್ಲ. ಕಂಪನಿ ಒಂದೇ, ಫಲ ಬೇರೆ ಬೇರೆ. ವ್ಯತ್ಯಾಸ ಮಾಡಿದ್ದು ಅವರ ಬಳಿ ಬೇರೆ ದುಡ್ಡು ಇತ್ತೋ ಇಲ್ಲವೋ ಅನ್ನುವುದು.

ಡಿವಿಡೆಂಡ್ ಯಾರ ಮೇಲಿನ ಸಾಲವೂ ಅಲ್ಲ. ಬಡ್ಡಿ ಕೊಡದಿದ್ದರೆ ಬ್ಯಾಂಕನ್ನು ಕೇಳಬಹುದು. ಕಂಪನಿ ಡಿವಿಡೆಂಡ್ ಘೋಷಿಸದಿದ್ದರೆ ಕೇಳುವ ಹಾಗಿಲ್ಲ. 2020ರ ಏಪ್ರಿಲ್‌ನಲ್ಲಿ ಕೊರೊನಾ ಕಾರಣಕ್ಕೆ ರಿಸರ್ವ್ ಬ್ಯಾಂಕ್, ಬ್ಯಾಂಕುಗಳು 2019-20ರ ಲಾಭದಿಂದ ಡಿವಿಡೆಂಡ್ ಕೊಡಬಾರದು ಅಂತ ಸೂಚಿಸಿತು. ಬ್ಯಾಂಕ್ ಷೇರುಗಳ ಡಿವಿಡೆಂಡನ್ನೇ ನೆಚ್ಚಿಕೊಂಡಿದ್ದವರಿಗೆ ಆ ವರ್ಷ ಏನೂ ಬರಲಿಲ್ಲ.

ನಾನು 31 ವರ್ಷ ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಅಕೌಂಟ್ಸ್ ನೋಡಿಕೊಂಡಿದ್ದೇನೆ. ಅಲ್ಲಿ ಕಲಿತದ್ದು ಇಲ್ಲಿ ಕೆಲಸಕ್ಕೆ ಬರುತ್ತಿದೆ. ಎಷ್ಟೋ ವರ್ಷ ಪುಸ್ತಕದಲ್ಲಿ ಒಳ್ಳೆಯ ಲಾಭ ಇರುತ್ತಿತ್ತು. ಆದರೆ ಏಳನೇ ತಾರೀಖು ಸಂಬಳ ಕೊಡಲು ಬ್ಯಾಂಕಿನಲ್ಲಿ ದುಡ್ಡಿರುತ್ತಿರಲಿಲ್ಲ. ದೊಡ್ಡ ಗಿರಾಕಿಗಳು 90 ದಿನ, 120 ದಿನ ಬಾಕಿ ಇಡುತ್ತಿದ್ದರು. ನಾವು ಬ್ಯಾಂಕಿನಿಂದ ಓವರ್‌ಡ್ರಾಫ್ಟ್ ಸಾಲ ತೆಗೆದು ಸಂಬಳ ಕೊಡುತ್ತಿದ್ದೆವು. ಸಾಲ ಮಾಡಿ ಡಿವಿಡೆಂಡ್ ಕೊಡುವ ಕಂಪನಿಯ ಸ್ಥಿತಿಯೂ ಇದೇ. ಹಾಗಾಗಿ ವಾರ್ಷಿಕ ವರದಿ ಸಿಕ್ಕಿದರೆ ನಾನು ಲಾಭದ ಪುಟಕ್ಕಿಂತ ಮೊದಲು ನಗದು ಹರಿವಿನ ಪುಟ ತೆಗೆಯುತ್ತೇನೆ. ವ್ಯಾಪಾರದಿಂದ ಕೈಗೆ ಬಂದ ದುಡ್ಡೆಷ್ಟು, ಅದರಲ್ಲಿ ಯಂತ್ರ, ಕಟ್ಟಡಕ್ಕೆ ಹೋದದ್ದೆಷ್ಟು, ಉಳಿದದ್ದು ಡಿವಿಡೆಂಡಿಗೆ ಸಾಕಾಗಿದೆಯಾ, ಸಾಲ ಏರುತ್ತಿದೆಯಾ. ಹತ್ತು ವರ್ಷದ ವರದಿಗಳನ್ನು ಪಕ್ಕಪಕ್ಕ ಇಟ್ಟರೆ ಚಿತ್ರ ಸಿಗುತ್ತದೆ. 2020-21ರಲ್ಲಿ ಏನು ಮಾಡಿದರು ಅನ್ನುವುದನ್ನು ಬೇರೆಯಾಗಿ ಗುರುತು ಹಾಕಿಕೊಳ್ಳುತ್ತೇನೆ. ಲಾಭದ ಬಹುಪಾಲನ್ನು ಹಂಚಿಬಿಡುವ ಕಂಪನಿಯೂ ನನಗೆ ಇಷ್ಟವಿಲ್ಲ. ಬಿತ್ತನೆಗೆ ಬೀಜ ಉಳಿಸದ ರೈತನಂತೆ ಅದು.

ಈ ಕಣ್ಣಿನಿಂದ ನೋಡಿದಾಗ ಇವತ್ತಿನ ಯೀಲ್ಡ್ ಶೇ. 2 ಅಥವಾ 3 ಇರುವ, ಆದರೆ ವರ್ಷಗಳಿಂದ ಡಿವಿಡೆಂಡ್ ಏರಿಸುತ್ತಾ ಬಂದ ಕಂಪನಿಗಳೇ ನನಗೆ ಹಿಡಿಸಿದವು. ನಮ್ಮೂರಿನ ಇನ್ಫೋಸಿಸ್ 2024-25ಕ್ಕೆ ಷೇರಿಗೆ 43 ರೂಪಾಯಿ ಕೊಟ್ಟಿತು. ಬೆಲೆ 1,500 ಅಂತ ಇಟ್ಟುಕೊಂಡರೆ ಯೀಲ್ಡ್ ಶೇ. 3ಕ್ಕೂ ಸ್ವಲ್ಪ ಕಡಿಮೆ. ಕೊಳ್ಳಿ ಅಂತ ಹೇಳುತ್ತಿಲ್ಲ, ಆ ಕ್ಷೇತ್ರಕ್ಕೂ ತನ್ನದೇ ಆತಂಕಗಳಿವೆ. ಲೆಕ್ಕ ತೋರಿಸಲು ಹೇಳಿದೆ. ಡಿವಿಡೆಂಡಿಗೆ ಮುಂಚಿನ ದಿನ ಷೇರು ಕೊಂಡು, ಬಂದ ಮೇಲೆ ಮಾರುತ್ತೇನೆ ಅನ್ನುವವರೂ ಇದ್ದಾರೆ. 10 ರೂಪಾಯಿ ಡಿವಿಡೆಂಡ್ ಹೊರಟ ದಿನ ಷೇರಿನ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಉಳಿಯುವುದು ತೆರಿಗೆ ಮಾತ್ರ.

ತೆರಿಗೆ ಅಂದೆನಲ್ಲ. 2020ರ ಏಪ್ರಿಲ್‌ಗೆ ಮುಂಚೆ ಡಿವಿಡೆಂಡ್ ಮೇಲಿನ ತೆರಿಗೆಯನ್ನು ಕಂಪನಿಯೇ ಕಟ್ಟುತ್ತಿತ್ತು. ಈಗ ಅದು ನಮ್ಮ ಆದಾಯಕ್ಕೆ ಸೇರುತ್ತದೆ. ಒಂದು ಕಂಪನಿಯಿಂದ ವರ್ಷಕ್ಕೆ 10,000 ರೂಪಾಯಿ ದಾಟಿದರೆ ಶೇ. 10 ಹಿಡಿದುಕೊಂಡೇ ಕೊಡುತ್ತಾರೆ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲದಿರುವುದರಿಂದ ನನ್ನಂಥವರು ರಿಟರ್ನ್ ಹಾಕಿ ಅದನ್ನು ವಾಪಸ್ ಪಡೆಯಬೇಕು. ಮರೆಯಬಾರದು, ಅಷ್ಟೆ.

ಬೆಂಗಳೂರಿನವರಿಗೆ ಡಿವಿಡೆಂಡ್‌ಗಿಂತ ಬಾಡಿಗೆ ಅರ್ಥವಾಗುತ್ತದೆ. ಸೈಟ್ ಕೊಂಡು, ಮೇಲೊಂದು ಮಹಡಿ ಎಬ್ಬಿಸಿ, ಬಾಡಿಗೆಯಲ್ಲಿ ಮುಪ್ಪು ಕಳೆಯುವುದು ನಮ್ಮ ಹಿಂದಿನವರ ದಾರಿ. ಈಗ ಆ ದಾರಿಯ ಇನ್ನೊಂದು ರೂಪ ರೀಟ್, ಅಂದರೆ ಹಲವರ ದುಡ್ಡು ಸೇರಿಸಿ ದೊಡ್ಡ ಕಟ್ಟಡಗಳನ್ನು ಇಟ್ಟುಕೊಂಡು ಬಾಡಿಗೆ ಹಂಚುವ ಟ್ರಸ್ಟ್. ದೇಶದ ಮೊದಲ ರೀಟ್ ಎಂಬೆಸಿಯದು, ಇದೇ ಊರಿನದು. 2019ರ ಏಪ್ರಿಲ್‌ನಲ್ಲಿ ಷೇರುಪೇಟೆಗೆ ಬಂತು. ನಾಗವಾರದ ಮಾನ್ಯತಾ ಟೆಕ್ ಪಾರ್ಕ್ ಅದರ ಆಸ್ತಿಗಳಲ್ಲೊಂದು. ಹಂಚಬಹುದಾದ ನಗದಿನ ಶೇ. 90 ಭಾಗವನ್ನು ರೀಟ್‌ಗಳು ಹಂಚಲೇಬೇಕು ಅನ್ನುವ ನಿಯಮ ನನಗೆ ಹಿಡಿಸಿತು. ಆದರೆ ಬರುವ ದುಡ್ಡಿನಲ್ಲಿ ಸ್ವಲ್ಪ ಬಡ್ಡಿ, ಸ್ವಲ್ಪ ಡಿವಿಡೆಂಡ್, ಸ್ವಲ್ಪ ನಮ್ಮ ಅಸಲೇ ವಾಪಸ್ ಬಂದದ್ದು ಇರಬಹುದು. ಒಡೆದು ನೋಡದೆ ಎಲ್ಲವನ್ನೂ ಆದಾಯ ಅಂದುಕೊಂಡರೆ ಮೋಸ ಹೋಗುತ್ತೇವೆ. ಸದ್ಯಕ್ಕೆ ಬಿಟ್ಟಿದ್ದೇನೆ.

ಬಡ್ಡಿಯ ಕಡೆಗೆ ಬಂದರೆ, ಅಲ್ಲಿ ನನಗೆ ಭಯ ಜಾಸ್ತಿ. ಷೇರಿನಲ್ಲಿ ಅಪಾಯ ಇದೆ ಅಂತ ಗೊತ್ತಿದ್ದೇ ಹೋಗುತ್ತೇವೆ. ಠೇವಣಿಯಲ್ಲಿ ಗೊತ್ತಿಲ್ಲದೆ ಬೀಳುತ್ತೇವೆ. ನನ್ನ ಚಿಕ್ಕಮ್ಮ ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಅಂತ ಒಂದು ಸಹಕಾರಿ ಬ್ಯಾಂಕಿನಲ್ಲಿ ಎಂಟು ಲಕ್ಷ ಇಟ್ಟಿದ್ದರು. ಒಂದು ದಿನ ಹಣ ತೆಗೆಯುವುದಕ್ಕೆ ನಿರ್ಬಂಧ ಬಿತ್ತು. ಠೇವಣಿ ವಿಮೆಯ ಮಿತಿ 2020ರ ಫೆಬ್ರವರಿಯಲ್ಲಿ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿದ್ದರಿಂದ ಅಷ್ಟಾದರೂ ಸಿಕ್ಕಿತು. ಆ ಐದು ಲಕ್ಷ ಒಬ್ಬರಿಗೆ, ಒಂದು ಬ್ಯಾಂಕಿಗೆ, ಅಸಲು ಬಡ್ಡಿ ಎರಡೂ ಸೇರಿ. ಉಳಿದ ದುಡ್ಡಿನ ದಾರಿ ಕಾಯುತ್ತಾ ಅವರು ಸೊರಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅರ್ಧ ಪರ್ಸೆಂಟ್ ಅಂದರೆ ಎಂಟು ಲಕ್ಷಕ್ಕೆ ವರ್ಷಕ್ಕೆ ನಾಲ್ಕು ಸಾವಿರ.

ಸಾಲ ತೀರಿಸುವ ಶಕ್ತಿಗೆ ಸಿಗುವ ರೇಟಿಂಗ್ ನೋಡಿ ಕಂಪನಿಗಳಲ್ಲಿ ಠೇವಣಿ ಇಡುತ್ತೇವೆ ಅನ್ನುವವರಿಗೂ ಒಂದು ಮಾತು. ಐಎಲ್ ಅಂಡ್ ಎಫ್‌ಎಸ್ ಎಂಬ ದೊಡ್ಡ ಹಣಕಾಸು ಕಂಪನಿ 2018ರಲ್ಲಿ ಸಾಲ ತೀರಿಸಲಾಗದೆ ಮುಗ್ಗರಿಸುವ ಕೆಲವೇ ವಾರಗಳ ಹಿಂದೆ ಅದಕ್ಕೆ ಎಲ್ಲಕ್ಕಿಂತ ಮೇಲಿನ ಎಎಎ ರೇಟಿಂಗ್ ಇತ್ತು. ದಿನಸಿಗೆ ಬೇಕಾದ ದುಡ್ಡನ್ನು ನಾನು ಕಂಪನಿ ಠೇವಣಿಯಲ್ಲಿ ಇಡುವುದಿಲ್ಲ.

ಹಾಗಾಗಿ ನನ್ನ ಲೆಕ್ಕ ಹೀಗೆ ನಿಂತಿದೆ. ಎಲ್ಲ ಸೇರಿ 58 ಲಕ್ಷ. ಅಮ್ಮ ಸೇರಿ ನಮ್ಮ ಮೂವರ ಮನೆ ಖರ್ಚು ತಿಂಗಳಿಗೆ 48 ಸಾವಿರ. ಅರ್ಧ ನಮ್ಮ ಯಜಮಾನರ ಕಡೆಯಿಂದ, ಅರ್ಧ ನನ್ನದು. 30 ಲಕ್ಷ ಹಿರಿಯ ನಾಗರಿಕರ ಯೋಜನೆಗೆ. 2023ರಿಂದ ಅದರ ಮಿತಿ 15ರಿಂದ 30 ಲಕ್ಷಕ್ಕೆ ಏರಿದೆ, ಬಡ್ಡಿ ಶೇ. 8.2, ಸೇರಿದ ದಿನದ ದರ ಐದು ವರ್ಷ ಬದಲಾಗುವುದಿಲ್ಲ. ಮೂರು ತಿಂಗಳಿಗೆ 61,500. ಹತ್ತು ಲಕ್ಷ ರಿಸರ್ವ್ ಬ್ಯಾಂಕಿನ ಫ್ಲೋಟಿಂಗ್ ಬಾಂಡಿಗೆ. ಈಗ ಶೇ. 8.05, ಏಳು ವರ್ಷ, ಜನವರಿ ಮತ್ತು ಜುಲೈ ಒಂದನೇ ತಾರೀಖು ಬಡ್ಡಿ. ದರ ಆರು ತಿಂಗಳಿಗೊಮ್ಮೆ ಬದಲಾಗಬಹುದು. ಇವೆರಡರಿಂದ ತಿಂಗಳಿಗೆ ಸುಮಾರು 27 ಸಾವಿರ. ನನ್ನ ಪಾಲಿನ ಅಕ್ಕಿ ಬೇಳೆ, ಔಷಧಿ, ಕರೆಂಟು ಇದರಲ್ಲಿ ನಡೆಯುತ್ತದೆ.

ಆರು ಲಕ್ಷ ಮಾತ್ರ ಬೇರೆ ಯೋಚನೆಯಿಂದ ಇಡುತ್ತಿದ್ದೇನೆ. 2004ರಲ್ಲಿ ಅಪ್ಪನಿಗೆ ಆದದ್ದು ನನಗೂ ಆಗಬಹುದು. 2025ರ ಫೆಬ್ರವರಿಯಿಂದ ಜೂನ್ ಒಳಗೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರ ಶೇ. 6.5ರಿಂದ 5.5ಕ್ಕೆ ಇಳಿಯಿತು, ಬ್ಯಾಂಕ್ ಎಫ್‌ಡಿಗಳೂ ಅದರ ಹಿಂದೆಯೇ ಇಳಿದಿವೆ. ಐದು ವರ್ಷದ ನಂತರ ನನ್ನ 30 ಲಕ್ಷ ಕೈಗೆ ಬಂದಾಗ ದರ ಎಷ್ಟಿರುತ್ತದೋ. ಅದಕ್ಕೆ ಈ ಆರು ಲಕ್ಷವನ್ನು ದೀರ್ಘಾವಧಿಯ ಸರ್ಕಾರಿ ಸಾಲಪತ್ರಕ್ಕೆ ಹಾಕುತ್ತೇನೆ. 2021ರ ನವೆಂಬರ್‌ನಿಂದ ರಿಸರ್ವ್ ಬ್ಯಾಂಕಿನ ಜಾಲತಾಣ ರಿಟೇಲ್ ಡೈರೆಕ್ಟ್‌ನಲ್ಲಿ ಯಾರು ಬೇಕಾದರೂ ಖಾತೆ ತೆರೆದು ನೇರವಾಗಿ ಕೊಳ್ಳಬಹುದು, ಶುಲ್ಕವಿಲ್ಲ. ಇವತ್ತಿನ ಬಡ್ಡಿ ಉಳಿದವಕ್ಕಿಂತ ಕಡಿಮೆ. ಆದರೆ ಅವಧಿ ಮುಗಿಯುವವರೆಗೂ ಆ ಬಡ್ಡಿ ಇಳಿಯುವುದಿಲ್ಲ. ನಡುವೆ ಮಾರಲು ಹೋದರೆ ಬೆಲೆ ಹೆಚ್ಚುಕಡಿಮೆ ಆಗುತ್ತದೆ, ಹಾಗಾಗಿ ಮಾರುವ ಯೋಚನೆ ಇಲ್ಲ. ಕಷ್ಟಕಾಲಕ್ಕೆ ನಾಲ್ಕು ಲಕ್ಷ ಮನೆ ಹತ್ತಿರದ ಬ್ಯಾಂಕಿನಲ್ಲಿ, ಬೇಕೆಂದಾಗ ತೆಗೆಯುವ ಹಾಗೆ.

ಉಳಿದ ಎಂಟು ಲಕ್ಷ ಡಿವಿಡೆಂಡ್ ಷೇರುಗಳಿಗೆ. ಹತ್ತು ಹನ್ನೆರಡು ಕಂಪನಿ, ಒಂದೇ ಕ್ಷೇತ್ರದವು ಎರಡಕ್ಕಿಂತ ಜಾಸ್ತಿ ಬೇಡ, ಎರಡು ವರ್ಷದಲ್ಲಿ ಸ್ವಲ್ಪ ಸ್ವಲ್ಪವೇ. ಮೊದಲ ವರ್ಷಗಳಲ್ಲಿ ಅದರಿಂದ ಬರುವುದು ವರ್ಷಕ್ಕೆ ಇಪ್ಪತ್ತು ಸಾವಿರದ ಆಸುಪಾಸು. ಆ ದುಡ್ಡಿಗೆ ಒಂದೇ ಕೆಲಸ ಕೊಟ್ಟಿದ್ದೇನೆ, ನಮ್ಮಿಬ್ಬರ ಆರೋಗ್ಯ ವಿಮೆಯ ಕಂತಿಗೆ ಸೇರುವುದು. ವಯಸ್ಸಾದ ಹಾಗೆ ಏರುತ್ತಲೇ ಹೋಗುವ ಖರ್ಚು ಅದು. ಏರುವ ಖರ್ಚಿನ ಎದುರಿಗೆ ಏರಬಲ್ಲ ಆದಾಯವನ್ನೇ ನಿಲ್ಲಿಸಬೇಕು ಅಂತ ಅಪ್ಪನ ಪುಸ್ತಕದ ಎರಡು ಪಟ್ಟಿಗಳನ್ನು ನೋಡುತ್ತಲೇ ಹೊಳೆಯಿತು. ಒಂದು ವರ್ಷ ಡಿವಿಡೆಂಡ್ ಬರದಿದ್ದರೆ ಕಂತಿಗೆ ನಾಲ್ಕು ಲಕ್ಷದಿಂದ ತೆಗೆಯುತ್ತೇನೆ. ಊಟಕ್ಕೆ ಏನೂ ಆಗುವುದಿಲ್ಲ.

ಅಮ್ಮನಿಗೆ ಇದೆಲ್ಲ ಓದಿ ಹೇಳಿದೆ.

"ಅಷ್ಟೊಂದು ಕಡೆ ಇಟ್ಟರೆ ಯಾರೇ ನೆನಪಿಟ್ಟುಕೊಳ್ಳೋರು? ನಿಮ್ಮಪ್ಪ ಹೋದ ಮೇಲೆ ನಂಗೆ ಪೋಸ್ಟ್ ಆಫೀಸಿನ ಪಾಸ್‌ಬುಕ್ ಒಂದು ಬಿಟ್ಟು ಏನೂ ಗೊತ್ತಿರಲಿಲ್ಲ" ಅಂದಳು.

ಅವಳ ಮಾತು ನಿಜ. ಏಳು ವರ್ಷದ ಡಿವಿಡೆಂಡ್ ನಿಂತದ್ದು ಕಂಪನಿ ಕೊಡದೆ ಅಲ್ಲ. ಅಪ್ಪನ ಬ್ಯಾಂಕ್ ಖಾತೆ ಮುಚ್ಚಿದೆವು, ಕಂಪನಿಗೆ ತಿಳಿಸಲಿಲ್ಲ. ವಿಳಾಸ ಬದಲಾಯಿತು, ಅದನ್ನೂ ತಿಳಿಸಲಿಲ್ಲ. ಅಷ್ಟು ಚೆನ್ನಾಗಿ ಆರಿಸಿದ ಷೇರು ನಮ್ಮದೇ ಮನೆಯ ಬೀರುವಿನಲ್ಲಿ ಅನಾಥವಾಗಿ ಬಿದ್ದಿತ್ತು. ಅದಕ್ಕೇ ಕಂಪನಿಗಳ ಸಂಖ್ಯೆಯನ್ನು ಹನ್ನೆರಡರಿಂದ ಎಂಟಕ್ಕೆ ಇಳಿಸಿದೆ. ಎಲ್ಲ ಡಿವಿಡೆಂಡ್, ಬಡ್ಡಿ ಒಂದೇ ಜಂಟಿ ಖಾತೆಗೆ ಬರುವಂತೆ ಬರೆದುಕೊಟ್ಟೆ. ಪ್ರತಿಯೊಂದಕ್ಕೂ ನಾಮಿನಿ. ಮತ್ತೆ ಅಪ್ಪನ ಪುಸ್ತಕದಂಥದ್ದೇ ಒಂದು ಪುಸ್ತಕ ಮಲ್ಲೇಶ್ವರದಿಂದ ತಂದೆ. ಯಾವ ತಾರೀಖು, ಎಲ್ಲಿಂದ, ಎಷ್ಟು ಅಂತ ಯಜಮಾನರ ಕೈಯಲ್ಲೇ ಬರೆಸುತ್ತಿದ್ದೇನೆ.

ಅಪ್ಪನ ಷೇರುಗಳಲ್ಲಿ ಅಮ್ಮ ಎರಡನೇ ಹೆಸರು. ಅಪ್ಪನ ಹೆಸರು ತೆಗೆಸಿ, ಕಾಗದದ ಷೇರುಗಳನ್ನು ಕಂಪ್ಯೂಟರ್ ಖಾತೆಯಾದ ಡಿಮ್ಯಾಟ್‌ಗೆ ಹಾಕಿಸಬೇಕು. 2019ರಿಂದ ಕಾಗದದ ಷೇರುಗಳನ್ನು ಮಾರುವ ಹಾಗೂ ಇಲ್ಲ. ಮರಣ ಪ್ರಮಾಣಪತ್ರ, ಪ್ಯಾನ್, ಆಧಾರ್ ಎಲ್ಲ ಜೋಡಿಸಿಟ್ಟಿದ್ದೇವೆ. ಒಂದೇ ತೊಡಕು. 1978ರಲ್ಲಿ ಅಮ್ಮ ಹಾಕಿದ್ದ ಸಹಿಗೂ ಈಗಿನ ಸಹಿಗೂ ಹೋಲಿಕೆಯೇ ಇಲ್ಲ. ಬ್ಯಾಂಕ್ ಮ್ಯಾನೇಜರ್ ಎದುರಿಗೆ ಸಹಿ ಹಾಕಿ ದೃಢೀಕರಣ ತರಬೇಕು. ಸೋಮವಾರ ಹನ್ನೊಂದು ಗಂಟೆಗೆ ಬನ್ನಿ ಅಂದಿದ್ದಾರೆ. ನಿನ್ನೆಯಿಂದ ಅಮ್ಮ ಕ್ಯಾಲೆಂಡರಿನ ಹಾಳೆಯ ಹಿಂದೆ ಸಹಿ ಹಾಕಿ ಹಾಕಿ ನೋಡುತ್ತಿದ್ದಾಳೆ. ಹೆಸರಿನ ಮುಂದೆ ಅಪ್ಪನ ಹೆಸರಿನ ಮೊದಲ ಅಕ್ಷರ ಬರುತ್ತದೆ. ಅದನ್ನು ಮಾತ್ರ ನಿಧಾನಕ್ಕೆ, ತಿದ್ದಿ ತಿದ್ದಿ ಬರೆಯುತ್ತಾಳೆ.